ಬಿಂಬ ಹೇಳುವುದೆಷ್ಟು? ಕ್ಯಾನ್ಸರ್ ಪತ್ತೆಯ ತಂತ್ರಗಳ ಒಂದು ವಿಮರ್ಶೆ

ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ, ಶಾಲಾ ವಿಜ್ಞಾನ ಪ್ರದರ್ಶನಗಳ ಭಿತ್ತಿಚಿತ್ರಗಳಲ್ಲಿ, ರೋಗ ತಪಾಸಣಾ ಕೇಂದ್ರಗಳ ಜಾಹೀರಾತುಗಳಲ್ಲಿ ಒಂದು ಮಾತನ್ನು ನೀವು ಮತ್ತೆ ಮತ್ತೆ ಓದಿರುತ್ತೀರಿ. ಹೊಸ ಸ್ಕ್ಯಾನ್ ಯಂತ್ರಗಳು ದೇಹದ ಒಳಗನ್ನು ಕನ್ನಡಿಯಂತೆ ತೋರಿಸುತ್ತವೆ. ಕ್ಯಾನ್ಸರನ್ನು ಬೇಗ ಕಂಡುಹಿಡಿದರೆ ಗುಣವಾಗುತ್ತದೆ. ಆದ್ದರಿಂದ ಆರೋಗ್ಯವಾಗಿರುವವರೂ ಆಗಾಗ್ಗೆ ಸ್ಕ್ಯಾನ್ ಮಾಡಿಸಿಕೊಳ್ಳುವುದು ಒಳ್ಳೆಯದು. ಈ ಮಾತಿನಲ್ಲಿ ಮೂರು ಹೇಳಿಕೆಗಳಿವೆ. ಮೊದಲನೆಯದು ಭೌತವಿಜ್ಞಾನಕ್ಕೆ ಸೇರಿದ್ದು, ಎರಡನೆಯದು ಜೀವವಿಜ್ಞಾನಕ್ಕೆ, ಮೂರನೆಯದು ಸಂಖ್ಯಾವಿಜ್ಞಾನಕ್ಕೆ. ಮೂರರಲ್ಲೂ ಸತ್ಯಾಂಶವಿದೆ, ಆದರೆ ಮೂರೂ ಪೂರ್ಣ ಸತ್ಯವಲ್ಲ. ಒಂದೊಂದನ್ನೂ ಬಿಡಿಸಿ ನೋಡೋಣ.

ಮೊದಲಿಗೆ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಡಿ. ಗಂಟು, ರಕ್ತಸ್ರಾವ, ಬಿಡದ ಕೆಮ್ಮು ಮುಂತಾದ ಲಕ್ಷಣಗಳಿರುವ ವ್ಯಕ್ತಿಯಲ್ಲಿ ರೋಗ ಯಾವುದೆಂದು ನಿರ್ಧರಿಸುವುದು ನಿದಾನ. ಯಾವ ತೊಂದರೆಯೂ ಇಲ್ಲದವರಲ್ಲಿ ಅಡಗಿರಬಹುದಾದ ರೋಗವನ್ನು ಹುಡುಕುವುದು ಸಾಮೂಹಿಕ ತಪಾಸಣೆ. ಯಂತ್ರ ಒಂದೇ ಆದರೂ ಈ ಎರಡು ಕೆಲಸಗಳು ಬೇರೆ ಬೇರೆ. ನಮ್ಮ ಜನಪ್ರಿಯ ಬರಹಗಳ ದೊಡ್ಡ ದೋಷವೆಂದರೆ ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುವುದು.

ಯಂತ್ರ ಅಳೆಯುವುದೇನನ್ನು?

ಕ್ಯಾನ್ಸರನ್ನೇ ನೇರವಾಗಿ ಅಳೆಯುವ ಬಿಂಬನ ಯಂತ್ರ ಯಾವುದೂ ಇಲ್ಲ. ಪ್ರತಿಯೊಂದು ಯಂತ್ರವೂ ಯಾವುದೋ ಒಂದು ಭೌತರಾಶಿಯನ್ನು ಅಳೆಯುತ್ತದೆ. ಅದರಿಂದ ರೋಗವನ್ನು ಊಹಿಸುವವರು ನಾವು.

ರಾಂಟ್‌ಜೆನ್ 1895ರಲ್ಲಿ ಕಂಡುಹಿಡಿದ ಕ್ಷ-ಕಿರಣಗಳು ಅಂಗಾಂಶಗಳಲ್ಲಿ ಎಷ್ಟು ಕ್ಷೀಣಿಸುತ್ತವೆ ಎಂಬುದನ್ನು ಸಾಧಾರಣ ಎಕ್ಸ್-ರೇ ಚಿತ್ರ ದಾಖಲಿಸುತ್ತದೆ. ಮೂಳೆ ಮತ್ತು ಗಾಳಿಯ ನಡುವೆ ಈ ವ್ಯತ್ಯಾಸ ಬಹಳ. ಗಂತಿ ಮತ್ತು ಅದರ ಪಕ್ಕದ ಮೃದು ಅಂಗಾಂಶದ ನಡುವೆ ಬಹಳ ಕಡಿಮೆ. ಆದ್ದರಿಂದಲೇ ಸ್ತನದ ಎಕ್ಸ್-ರೇ ಆದ ಮ್ಯಾಮೊಗ್ರಾಂನಲ್ಲಿ ಕಡಿಮೆ ಶಕ್ತಿಯ ಕಿರಣಗಳನ್ನು ಬಳಸುತ್ತಾರೆ. ಆದರೂ ಒಂದು ತೊಡಕು ಉಳಿಯುತ್ತದೆ. ಗ್ರಂಥಿಗಳಿಂದ ದಟ್ಟವಾಗಿರುವ ಸ್ತನ ಬಿಳಿಯಾಗಿ ಕಾಣುತ್ತದೆ, ಗಂತಿಯೂ ಬಿಳಿಯಾಗಿಯೇ ಕಾಣುತ್ತದೆ. ಕಿರಿಯ ಮಹಿಳೆಯರಲ್ಲಿ ಇಂಥ ದಟ್ಟತೆ ಹೆಚ್ಚು, ಹಾಗಾಗಿ ಮ್ಯಾಮೊಗ್ರಾಂ ಅವರಲ್ಲಿ ಸುಲಭವಾಗಿ ಸೋಲುತ್ತದೆ.

ಶ್ರವಣಾತೀತ ಧ್ವನಿಯ ಸ್ಕ್ಯಾನ್, ಅಂದರೆ ಅಲ್ಟ್ರಾಸೌಂಡ್, ಅಂಗಾಂಶಗಳ ಗಡಿಯಲ್ಲಿ ಹುಟ್ಟುವ ಪ್ರತಿಧ್ವನಿಯನ್ನು ದಾಖಲಿಸುತ್ತದೆ. ಮೃದು ಅಂಗಾಂಶದಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. ಆವೃತ್ತಿ 10 ಮೆಗಾಹರ್ಟ್ಸ್ ಆದರೆ ತರಂಗದೂರ ಸುಮಾರು 0.15 ಮಿಲಿಮೀಟರ್. ಇದಕ್ಕಿಂತ ಸೂಕ್ಷ್ಮವಾದ ವಿವರವನ್ನು ಅದರಿಂದ ನಿರೀಕ್ಷಿಸುವಂತಿಲ್ಲ. ನೀರು ತುಂಬಿದ ಚೀಲಕ್ಕೂ ಗಟ್ಟಿ ಗಂಟಿಗೂ ಇರುವ ವ್ಯತ್ಯಾಸವನ್ನು ಮಾತ್ರ ಅದು ಚೆನ್ನಾಗಿ ತೋರಿಸುತ್ತದೆ.

ಎಂ.ಆರ್.ಐ. ಅಳೆಯುವುದು ಮುಖ್ಯವಾಗಿ ನೀರು ಮತ್ತು ಕೊಬ್ಬಿನಲ್ಲಿರುವ ಹೈಡ್ರೊಜನ್ ಬೀಜಗಳ ವರ್ತನೆಯನ್ನು. 1.5 ಟೆಸ್ಲ ಕಾಂತಕ್ಷೇತ್ರದಲ್ಲಿ ಈ ಬೀಜಗಳು ಸುಮಾರು 64 ಮೆಗಾಹರ್ಟ್ಸ್ ರೇಡಿಯೊ ತರಂಗಗಳಿಗೆ ಅನುರಣಿಸುತ್ತವೆ. ತರಂಗ ನಿಂತ ಮೇಲೆ ಅವು ಮೊದಲಿನ ಸ್ಥಿತಿಗೆ ಮರಳಲು ತೆಗೆದುಕೊಳ್ಳುವ ಕಾಲ ಅಂಗಾಂಶದಿಂದ ಅಂಗಾಂಶಕ್ಕೆ ಬೇರೆ. ಗಂತಿಯಲ್ಲಿ ಈ ಕಾಲ ಭಿನ್ನವಾಗಿರುತ್ತದೆ ಎಂದು ರೇಮಂಡ್ ಡಮಾಡಿಯನ್ 1971ರಲ್ಲಿ ಪ್ರಕಟಿಸಿದರು. ಅದರಿಂದ ಬಿಂಬ ಮೂಡಿಸುವ ದಾರಿಯನ್ನು ಪಾಲ್ ಲಾಟರ್‌ಬರ್ 1973ರಲ್ಲಿ ತೋರಿಸಿದರು. 2003ರ ನೊಬೆಲ್ ಪ್ರಶಸ್ತಿ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡರಿಗೆ ಹೋದಾಗ ಡಮಾಡಿಯನ್ ಪತ್ರಿಕೆಗಳಲ್ಲಿ ಪೂರ್ಣಪುಟದ ಜಾಹೀರಾತು ಕೊಟ್ಟು ಪ್ರತಿಭಟಿಸಿದ್ದು ನಿಮಗೆ ನೆನಪಿರಬಹುದು. ಆ ವಿವಾದಕ್ಕಿಂತ ನಮಗೆ ಮುಖ್ಯವಾದದ್ದು ಬೇರೊಂದು: ಈ ಕಾಲ ಉರಿಯೂತದಲ್ಲೂ ಬಾವಿನಲ್ಲೂ ಬದಲಾಗುತ್ತದೆ. ಅದೊಂದನ್ನೇ ನೋಡಿ ಕ್ಯಾನ್ಸರ್ ಎಂದು ಸಾರಲು ಬರುವುದಿಲ್ಲ.

ಪೆಟ್ ಸ್ಕ್ಯಾನ್ ಅಳೆಯುವುದು ಸಕ್ಕರೆಯ ಬಳಕೆಯನ್ನು. ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ಅತಿಯಾಗಿ ಬಳಸುತ್ತವೆ ಎಂದು ಆಟೊ ವಾರ್‌ಬರ್ಗ್ 1920ರ ದಶಕದಲ್ಲಿ ಗುರುತಿಸಿದ್ದರು. ಗ್ಲೂಕೋಸಿನಂಥ ಅಣುವಿಗೆ ಫ್ಲೋರಿನ್-18ನ್ನು ಜೋಡಿಸಿ ರಕ್ತಕ್ಕೆ ಸೇರಿಸುತ್ತಾರೆ. ಅದರ ಅರ್ಧಾಯು ಸುಮಾರು 110 ನಿಮಿಷ. ಅದು ಹೊರಚೆಲ್ಲುವ ಪಾಸಿಟ್ರಾನ್ ಹತ್ತಿರದ ಎಲೆಕ್ಟ್ರಾನನ್ನು ಕೂಡಿ ಎರಡೂ ಇಲ್ಲವಾಗುತ್ತವೆ. ತಲಾ 511 ಕಿಲೊ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎರಡು ಗಾಮಾ ಕಿರಣಗಳು ವಿರುದ್ಧ ದಿಕ್ಕಿಗೆ ಹಾರುತ್ತವೆ. ಎರಡೂ ಏಕಕಾಲಕ್ಕೆ ತಗುಲಿದ ಸಂವೇದಕಗಳ ನಡುವೆ ಗೆರೆ ಎಳೆದರೆ ಮೂಲ ಆ ಗೆರೆಯ ಮೇಲೆ ಎಲ್ಲೋ ಇದೆ. ಸೊಗಸಾದ ಭೌತವಿಜ್ಞಾನ. ಆದರೆ ಮಿದುಳೂ ಸಕ್ಕರೆಯನ್ನು ಧಾರಾಳವಾಗಿ ಬಳಸುತ್ತದೆ, ಕ್ಷಯರೋಗದ ಗಂಟೂ ಬಳಸುತ್ತದೆ. ಕ್ಷಯ ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಪೆಟ್ ಚಿತ್ರದಲ್ಲಿ ಹೊಳೆಯುವ ದುಗ್ಧಗ್ರಂಥಿಯನ್ನು ಕಂಡೊಡನೆ ಕ್ಯಾನ್ಸರ್ ಹರಡಿದೆ ಎಂದರೆ ಅನಾಹುತ. ಇನ್ನೊಂದು ಕಡೆ, ನಿಧಾನವಾಗಿ ಬೆಳೆಯುವ ಪ್ರಾಸ್ಟೇಟ್ ಕ್ಯಾನ್ಸರುಗಳಲ್ಲಿ ಹಲವು ಸಕ್ಕರೆಯನ್ನು ಅಷ್ಟಾಗಿ ಬಳಸದೆ ಈ ಚಿತ್ರದಲ್ಲಿ ಮಂಕಾಗಿಯೇ ಉಳಿಯುತ್ತವೆ.

ಈ ತರ್ಕವನ್ನು ಮುಂದುವರಿಸಿದರೆ ಚರ್ಮದ ಉಷ್ಣತೆಯನ್ನು ಅಳೆಯುವ ಥರ್ಮೊಗ್ರಫಿಯ ಸ್ಥಾನವೂ ತಿಳಿಯುತ್ತದೆ. ಕಿರಣವಿಲ್ಲ, ನೋವಿಲ್ಲ ಎಂಬುದು ನಿಜ. ಆದರೆ ಚರ್ಮದ ಉಷ್ಣತೆಗೂ ಒಳಗಿನ ಗಂತಿಗೂ ಇರುವ ಸಂಬಂಧ ಸಡಿಲವಾದದ್ದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2019ರಲ್ಲಿ, ಥರ್ಮೊಗ್ರಫಿ ಮ್ಯಾಮೊಗ್ರಾಂಗೆ ಬದಲಿಯಲ್ಲ ಎಂದು ಸಾರ್ವಜನಿಕರನ್ನು ಎಚ್ಚರಿಸಿತು.

ನೆರಳಿನಿಂದ ಒಳಗನ್ನು ಕಟ್ಟುವ ಲೆಕ್ಕ

ಎಕ್ಸ್-ರೇ ಚಿತ್ರ ಒಂದು ನೆರಳು. ಆಳದಲ್ಲಿರುವ ಎಲ್ಲವೂ ಒಂದರ ಮೇಲೊಂದು ಬಿದ್ದಿರುತ್ತವೆ. ಇದರ ಮಿತಿಯನ್ನು ತರಗತಿಯಲ್ಲಿ ನಾಲ್ಕು ಚೌಕಗಳಿಂದ ತೋರಿಸಬಹುದು. ಮೇಲಿನ ಸಾಲಿನಲ್ಲಿ 1 ಮತ್ತು 4, ಕೆಳಗಿನ ಸಾಲಿನಲ್ಲಿ 6 ಮತ್ತು 3 ಬರೆಯಿರಿ. ಅಡ್ಡ ಮೊತ್ತಗಳು 5 ಮತ್ತು 9, ಕಂಬದ ಮೊತ್ತಗಳು 7 ಮತ್ತು 7. ಈಗ ಮೇಲೆ 2 ಮತ್ತು 3, ಕೆಳಗೆ 5 ಮತ್ತು 4 ಬರೆಯಿರಿ. ಅಡ್ಡ ಮೊತ್ತ, ಕಂಬದ ಮೊತ್ತ ಎಲ್ಲವೂ ಮೊದಲಿನಂತೆಯೇ. ಅಂದರೆ ಎರಡು ದಿಕ್ಕುಗಳಿಂದ ನೋಡಿದ ನೆರಳು ಒಂದೇ, ಒಳಗಿನ ರಚನೆ ಬೇರೆ! ಓರೆಯಾಗಿ ಒಂದು ಮೊತ್ತವನ್ನು ತೆಗೆದುಕೊಂಡರೆ ಮಾತ್ರ ಗುಟ್ಟು ರಟ್ಟಾಗುತ್ತದೆ: ಮೊದಲನೆಯದರಲ್ಲಿ 1 ಮತ್ತು 3 ಕೂಡಿ 4, ಎರಡನೆಯದರಲ್ಲಿ 2 ಮತ್ತು 4 ಕೂಡಿ 6.

ಸಿ.ಟಿ. ಸ್ಕ್ಯಾನ್ ಮಾಡುವುದು ಇದನ್ನೇ, ನೂರಾರು ದಿಕ್ಕುಗಳಿಂದ. ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ರೂಪಿಸಿದ ಯಂತ್ರದಲ್ಲಿ ಮೊದಲ ರೋಗಿಯ ಮಿದುಳಿನ ಬಿಂಬ ತೆಗೆದದ್ದು 1971ರ ಅಕ್ಟೋಬರ್ 1ರಂದು, ಲಂಡನ್ನಿನ ಆಟ್ಕಿನ್‌ಸನ್ ಮಾರ್ಲಿ ಆಸ್ಪತ್ರೆಯಲ್ಲಿ. ಗಣಿತದ ತಳಹದಿ ಹಾಕಿದ್ದ ಆಲನ್ ಕಾರ್ಮ್ಯಾಕ್ ಅವರೊಂದಿಗೆ ಹೌನ್ಸ್‌ಫೀಲ್ಡ್ 1979ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಈ ಕಥೆಯಲ್ಲಿ ನಮ್ಮವರ ಪಾಲೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಣವಿಕ ಜೀವಭೌತವಿಜ್ಞಾನ ಘಟಕವನ್ನು ಕಟ್ಟಿದ ಜಿ.ಎನ್. ರಾಮಚಂದ್ರನ್, ಎ.ವಿ. ಲಕ್ಷ್ಮೀನಾರಾಯಣನ್ ಅವರೊಡನೆ 1971ರಲ್ಲಿ ನೆರಳುಗಳಿಂದ ಬಿಂಬವನ್ನು ಶೀಘ್ರವಾಗಿ ಕಟ್ಟುವ ಗಣಿತ ವಿಧಾನವನ್ನು ಪ್ರಕಟಿಸಿದರು. ಆ ಶೋಧಕ ಇಂದಿಗೂ ಇಬ್ಬರ ಹೆಸರಿನ ಮೊದಲ ತುಣುಕುಗಳಿಂದ ರಾಮ್–ಲಾಕ್ ಎಂದು ಕರೆಸಿಕೊಳ್ಳುತ್ತಿದೆ. ಕೇವಲ ಪ್ರೋಟೀನ್ ರಚನೆಯ ಪಾಠದಲ್ಲಿ ರಾಮಚಂದ್ರನ್ ಹೆಸರು ಹೇಳಿ ಮುಗಿಸುವ ಅಧ್ಯಾಪಕರು ಇದನ್ನೂ ಸೇರಿಸಬಹುದು.

ಆದರೆ ಇಲ್ಲೂ ಮಿತಿ ಇದೆ. ಹೌನ್ಸ್‌ಫೀಲ್ಡ್ ಮಾನದಲ್ಲಿ ಗಾಳಿ −1000, ನೀರು 0, ಗಟ್ಟಿ ಮೂಳೆ +1000ರ ಆಸುಪಾಸು. ಕೊಬ್ಬನ್ನು ಬಿಟ್ಟರೆ ಮೃದು ಅಂಗಾಂಶಗಳೆಲ್ಲ ಸುಮಾರು 20ರಿಂದ 70ರೊಳಗೆ ಒತ್ತಿಕೊಂಡು ಕೂತಿವೆ. ಗಂತಿಯೂ ಅಲ್ಲಿಯೇ. ಅಯೋಡಿನ್ ದ್ರಾವಣವನ್ನು ರಕ್ತಕ್ಕೆ ಸೇರಿಸಿ ವ್ಯತ್ಯಾಸವನ್ನು ಎತ್ತಿ ತೋರಿಸಬೇಕಾಗುತ್ತದೆ. ವಿಕಿರಣದ ಪ್ರಮಾಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಿಸರ್ಗದಿಂದ ನಮಗೆಲ್ಲ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ಸಿಗುತ್ತದೆ. ಎದೆಯ ಒಂದು ಎಕ್ಸ್-ರೇಗೆ 0.1 ಅಥವಾ ಅದಕ್ಕೂ ಕಡಿಮೆ, ಮ್ಯಾಮೊಗ್ರಾಂಗೆ ಸುಮಾರು 0.4, ಎದೆಯ ಸಾಧಾರಣ ಸಿ.ಟಿ.ಗೆ ಸುಮಾರು 6ರಿಂದ 7. ರೋಗದ ಶಂಕೆ ಇರುವಾಗ ಇದು ತೆರಬಹುದಾದ ಬೆಲೆ. ಕುತೂಹಲಕ್ಕಾಗಿ ತೆರುವ ಬೆಲೆಯಲ್ಲ.

'ಬೇಗ' ಎಂದರೆ ಎಷ್ಟು ಬೇಗ?

ಎರಡನೆಯ ಹೇಳಿಕೆಗೆ ಬರೋಣ. ಒಂದು ಕೋಶ ಎರಡಾಗಿ, ಎರಡು ನಾಲ್ಕಾಗಿ 20 ಬಾರಿ ಇಮ್ಮಡಿಸಿದರೆ ಸುಮಾರು 10 ಲಕ್ಷ ಕೋಶಗಳಾಗುತ್ತವೆ. ಗಂತಿಯ ಅಗಲ ಸುಮಾರು 1 ಮಿಲಿಮೀಟರ್. 30 ಬಾರಿ ಇಮ್ಮಡಿಸಿದರೆ ಸುಮಾರು 100 ಕೋಟಿ ಕೋಶಗಳು, ಅಗಲ 1 ಸೆಂಟಿಮೀಟರ್. ನಾವು 'ಆರಂಭದಲ್ಲೇ ಸಿಕ್ಕಿತು' ಎನ್ನುವ ಒಂದು ಸೆಂಟಿಮೀಟರ್ ಗಂತಿ ತನ್ನ ಬಾಳಿನ ಬಹುಭಾಗವನ್ನು ಆಗಲೇ ಕಳೆದಿರುತ್ತದೆ. ಉಗ್ರವಾದ ಗಂತಿ ಅಷ್ಟರಲ್ಲಿ ಹರಡಿರಬಹುದು; ಸಾಧುವಾದ ಗಂತಿ ಎಂದೂ ಹರಡದೆ ಇರಬಹುದು. ಬಿಂಬದಲ್ಲಿ ಎರಡರ ಗಾತ್ರವೂ ಒಂದೇ.

ವರ್ಷಕ್ಕೊಮ್ಮೆ ಬಲೆ ಬೀಸಿದರೆ ಸಿಕ್ಕಿಬೀಳುವವು ಯಾವುವು? ವರ್ಷಗಟ್ಟಲೆ ಸುಮ್ಮನೆ ಕೂತಿರುವ ನಿಧಾನ ಗಂತಿಗಳೇ ಹೆಚ್ಚು. ಎರಡು ತಪಾಸಣೆಗಳ ನಡುವೆ ಹುಟ್ಟಿ ಬೆಳೆಯುವ ಉಗ್ರ ಗಂತಿಗಳು ತಪ್ಪಿಸಿಕೊಳ್ಳುತ್ತವೆ. ಹೀಗಾಗಿ ತಪಾಸಣೆಯಲ್ಲಿ ಸಿಕ್ಕ ರೋಗಿಗಳು ಹೆಚ್ಚು ಕಾಲ ಬದುಕಿದರೆ ಅದರ ಶ್ರೇಯಸ್ಸೆಲ್ಲ ಯಂತ್ರದ್ದಲ್ಲ.

ಇನ್ನೊಂದು ಲೆಕ್ಕ ನೋಡಿ. ಒಬ್ಬ ವ್ಯಕ್ತಿಗೆ 67ನೆಯ ವಯಸ್ಸಿನಲ್ಲಿ ಲಕ್ಷಣ ಕಾಣಿಸಿಕೊಂಡು, 70ಕ್ಕೆ ಸಾವು ಬರುತ್ತದೆ ಎನ್ನೋಣ. ನಿದಾನದ ನಂತರ ಬದುಕಿದ್ದು 3 ವರ್ಷ. ಅದೇ ವ್ಯಕ್ತಿಯ ರೋಗವನ್ನು ಸ್ಕ್ಯಾನ್ 60ರಲ್ಲೇ ಕಂಡುಹಿಡಿದು, ಚಿಕಿತ್ಸೆಯಿಂದ ಏನೂ ಪ್ರಯೋಜನವಾಗದೆ 70ಕ್ಕೇ ಸಾವು ಬಂದರೆ? ಈಗ ಬದುಕಿದ್ದು 10 ವರ್ಷ. 'ಐದು ವರ್ಷ ಬದುಕಿದವರು' ಎಂಬ ಪಟ್ಟಿಗೆ ಆತ ಸೇರಿದ. ಆಯಸ್ಸು ಒಂದು ದಿನವೂ ಹೆಚ್ಚಲಿಲ್ಲ. ರೋಗಿಯಾಗಿ ಕಳೆದ ಕಾಲ 7 ವರ್ಷ ಹೆಚ್ಚಿತು. ಜಾಹೀರಾತುಗಳಲ್ಲಿ ಐದು ವರ್ಷದ ಉಳಿವಿನ ಶೇಕಡಾವಾರು ಅಂಕಿ ಕಂಡಾಗ ಈ ಲೆಕ್ಕವನ್ನು ನೆನಪಿಸಿಕೊಳ್ಳಿ.

ಇದು ಬರಿಯ ಊಹೆಯಲ್ಲ ಎಂಬುದಕ್ಕೆ ದಕ್ಷಿಣ ಕೊರಿಯಾ ಸಾಕ್ಷಿ. ಅಲ್ಲಿ 1999ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ತಪಾಸಣೆ ಆರಂಭವಾಯಿತು. ಥೈರಾಯ್ಡ್ ತಪಾಸಣೆ ಅದರ ಭಾಗವಾಗಿರಲಿಲ್ಲ. ಆದರೆ ಸ್ವಲ್ಪ ಹೆಚ್ಚು ಹಣ ಕೊಟ್ಟರೆ ಕುತ್ತಿಗೆಯ ಅಲ್ಟ್ರಾಸೌಂಡನ್ನೂ ಮಾಡಿಕೊಡುತ್ತಿದ್ದರು. 2011ರಲ್ಲಿ ಪತ್ತೆಯಾದ ಥೈರಾಯ್ಡ್ ಕ್ಯಾನ್ಸರ್ ದರ 1993ರ 15 ಪಟ್ಟು. ಆ ಒಂದು ವರ್ಷದಲ್ಲಿ 40,000ಕ್ಕೂ ಹೆಚ್ಚು ಮಂದಿ. ಈ ಕ್ಯಾನ್ಸರಿನಿಂದ ಸಾಯುವವರ ಪ್ರಮಾಣ ಮಾತ್ರ ಮೊದಲಿದ್ದಷ್ಟೇ ಉಳಿಯಿತು. ಪತ್ತೆಯಾದವರಲ್ಲಿ ಬಹುತೇಕ ಎಲ್ಲರೂ ಶಸ್ತ್ರಚಿಕಿತ್ಸೆಗೆ ಒಳಗಾದರು. ಹಲವರು ಜೀವನವಿಡೀ ಹಾರ್ಮೋನ್ ಮಾತ್ರೆ ನುಂಗಬೇಕಾಯಿತು. ಕೆಲವರು ಸ್ವರತಂತುವಿನ ನರಕ್ಕೆ ಪೆಟ್ಟಾಗಿ ದನಿ ಕಳೆದುಕೊಂಡರು. 2014ರಲ್ಲಿ ಅಲ್ಲಿನ ವೈದ್ಯರ ಗುಂಪೊಂದು ಬಹಿರಂಗವಾಗಿ ಆಕ್ಷೇಪಿಸಿದ ಮೇಲೆ ಒಂದೇ ವರ್ಷದಲ್ಲಿ ಇಂಥ ಶಸ್ತ್ರಚಿಕಿತ್ಸೆಗಳು ಶೇಕಡಾ 35ರಷ್ಟು ಇಳಿದವು. ತೊಂದರೆ ಕೊಡದೆ ಉಳಿಯಬಹುದಾಗಿದ್ದ ಗಂತಿಯನ್ನು ಹುಡುಕಿ ಆರೋಗ್ಯವಂತರನ್ನು ರೋಗಿಗಳನ್ನಾಗಿಸುವ ಇದನ್ನು ಅತಿನಿದಾನ ಎನ್ನುತ್ತಾರೆ.

ಯಂತ್ರ 'ಹೌದು' ಎಂದರೆ ಎಷ್ಟು ನಂಬಬೇಕು?

ಮೂರನೆಯ ಹೇಳಿಕೆ ಸಂಖ್ಯೆಗೆ ಸೇರಿದ್ದು. ಲೆಕ್ಕದ ಅನುಕೂಲಕ್ಕಾಗಿ ಒಂದು ಪರೀಕ್ಷೆಯನ್ನು ಕಲ್ಪಿಸಿಕೊಳ್ಳಿ. ಅದು ರೋಗವಿರುವ 100 ಮಂದಿಯಲ್ಲಿ 90 ಮಂದಿಯನ್ನು ಹಿಡಿಯುತ್ತದೆ. ರೋಗವಿಲ್ಲದ 100 ಮಂದಿಯಲ್ಲಿ 8 ಮಂದಿಗೆ ಹುಸಿ ಎಚ್ಚರಿಕೆ ಕೊಡುತ್ತದೆ. ಲಕ್ಷಣವಿಲ್ಲದ 10,000 ಮಹಿಳೆಯರಲ್ಲಿ 50 ಮಂದಿಗೆ ರೋಗವಿದೆ ಎನ್ನೋಣ. ಪರೀಕ್ಷೆ ಅವರಲ್ಲಿ 45 ಮಂದಿಯನ್ನು ಹಿಡಿಯುತ್ತದೆ. ಉಳಿದ 9,950 ಮಂದಿಯಲ್ಲಿ 796 ಮಂದಿಗೆ ಹುಸಿ ಎಚ್ಚರಿಕೆ. ಒಟ್ಟು 841 ಮಂದಿಯ ವರದಿಯಲ್ಲಿ 'ಶಂಕೆ ಇದೆ' ಎಂದು ಬರುತ್ತದೆ. ನಿಜವಾದ ರೋಗಿಗಳು 45, ಅಂದರೆ 19ರಲ್ಲಿ ಒಬ್ಬರು.

ಈಗ ಗಂಟು ಕೈಗೆ ಸಿಕ್ಕಿ ಆಸ್ಪತ್ರೆಗೆ ಬಂದ 1,000 ಮಹಿಳೆಯರನ್ನು ತೆಗೆದುಕೊಳ್ಳಿ. ಅವರಲ್ಲಿ 200 ಮಂದಿಗೆ ರೋಗವಿದ್ದರೆ, ಅದೇ ಪರೀಕ್ಷೆ 180 ಮಂದಿಯನ್ನು ಹಿಡಿಯುತ್ತದೆ, 800ರಲ್ಲಿ 64 ಮಂದಿಗೆ ಹುಸಿ ಎಚ್ಚರಿಕೆ ಕೊಡುತ್ತದೆ. 'ಶಂಕೆ ಇದೆ' ಎಂದ 244ರಲ್ಲಿ 180, ಅಂದರೆ ನಾಲ್ವರಲ್ಲಿ ಸುಮಾರು ಮೂವರು ನಿಜವಾದ ರೋಗಿಗಳು. ಯಂತ್ರ ಅದೇ, ಬಿಂಬ ಓದಿದ ತಜ್ಞರೂ ಅವರೇ. ಬದಲಾದದ್ದು ಯಾರನ್ನು ಪರೀಕ್ಷಿಸಿದೆವು ಎಂಬುದು ಮಾತ್ರ. 'ಶೇಕಡಾ 90 ನಿಖರ' ಎಂಬ ಒಂದೇ ಸಂಖ್ಯೆ ಇದನ್ನು ಪೂರ್ತಿ ಮುಚ್ಚಿಡುತ್ತದೆ.

ಹಾಗಾಗಿಯೇ ಶಂಕೆಯ ಬಿಂಬ ಬಂದಾಗ ವೈದ್ಯರು ಸೂಜಿಯಿಂದ ಅಂಗಾಂಶದ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಸಾಮಾನ್ಯವಾಗಿ ಕ್ಯಾನ್ಸರ್ ಎಂಬ ತೀರ್ಪು ಕೊಡುವುದು ಬಯಾಪ್ಸಿ. ಸೂಜಿ ಎಲ್ಲಿ ಚುಚ್ಚಬೇಕು, ರೋಗ ಎಲ್ಲಿಯವರೆಗೆ ಹರಡಿದೆ, ಚಿಕಿತ್ಸೆಗೆ ಗಂತಿ ಕುಗ್ಗುತ್ತಿದೆಯೇ ಎಂಬುದನ್ನು ಬಿಂಬ ಹೇಳುತ್ತದೆ. ಈ ಮೂರು ಕೆಲಸಗಳಲ್ಲಿ ಅದಕ್ಕೆ ಸಾಟಿಯಿಲ್ಲ.

ಪ್ರಯೋಗಗಳ ತೀರ್ಪು

ತಪಾಸಣೆಯಿಂದ ಪ್ರಾಣ ಉಳಿಯುತ್ತದೆಯೇ ಎಂದು ತಿಳಿಯಲು ಒಂದೇ ನೆಚ್ಚಿನ ದಾರಿ: ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ತಪಾಸಣೆ ಮಾಡಿ, ವರ್ಷಗಳ ನಂತರ ಎರಡೂ ಗುಂಪುಗಳ ಸಾವನ್ನು ಹೋಲಿಸುವುದು. ಅಮೆರಿಕದಲ್ಲಿ 2002ರಲ್ಲಿ ಆರಂಭವಾದ ಪ್ರಯೋಗದಲ್ಲಿ ಭಾರಿ ಧೂಮಪಾನಿಗಳಾಗಿದ್ದ 53,454 ಮಂದಿ ಭಾಗವಹಿಸಿದರು. ಕಡಿಮೆ ವಿಕಿರಣದ ಸಿ.ಟಿ. ಮಾಡಿಸಿಕೊಂಡವರಲ್ಲಿ ಶ್ವಾಸಕೋಶ ಕ್ಯಾನ್ಸರಿನ ಸಾವು, ಎದೆಯ ಎಕ್ಸ್-ರೇ ಮಾಡಿಸಿಕೊಂಡವರಿಗಿಂತ ಶೇಕಡಾ 20ರಷ್ಟು ಕಡಿಮೆ ಎಂದು 2011ರಲ್ಲಿ ಪ್ರಕಟವಾಯಿತು. ದೊಡ್ಡ ಸಾಧನೆಯೇ. ಆದರೆ ಅದೇ ವರದಿಯಲ್ಲಿ, ಶಂಕೆ ತೋರಿಸಿದ ಸಿ.ಟಿ. ಫಲಿತಾಂಶಗಳಲ್ಲಿ ಶೇಕಡಾ 96ಕ್ಕೂ ಹೆಚ್ಚು ಹುಸಿ ಎಚ್ಚರಿಕೆಗಳು ಎಂದೂ ಇದೆ. ಧೂಮಪಾನ ಮಾಡದವರಿಗೆ ಈ ಲಾಭವನ್ನು ಹಾಗೆಯೇ ಅನ್ವಯಿಸಲು ಬರುವುದಿಲ್ಲ.

ಮ್ಯಾಮೊಗ್ರಾಂ ವಿಷಯದಲ್ಲಿ ಪ್ರಯೋಗಗಳು ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ಸ್ವೀಡನ್ನಿನ ಎರಡು ಪ್ರಾಂತಗಳ ಪ್ರಯೋಗ 1985ರಲ್ಲಿ ಸಾವು ಶೇಕಡಾ 31ರಷ್ಟು ಇಳಿಯಿತು ಎಂದಿತು. ಕೆನಡಾದಲ್ಲಿ 89,835 ಮಹಿಳೆಯರನ್ನು 25 ವರ್ಷ ಗಮನಿಸಿದ ಪ್ರಯೋಗ 2014ರಲ್ಲಿ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದಿತು. ಎರಡರ ವಿಧಾನದ ಬಗೆಗೂ ತಜ್ಞರಲ್ಲಿ ತಕರಾರುಗಳಿವೆ.

ನಮಗೆ ಹತ್ತಿರವಾದ ಪ್ರಯೋಗ ಮುಂಬಯಿಯದು. ಟಾಟಾ ಸ್ಮಾರಕ ಆಸ್ಪತ್ರೆಯ ತಂಡ 1998ರಲ್ಲಿ ಆರಂಭಿಸಿ 1,51,538 ಮಹಿಳೆಯರನ್ನು 20 ವರ್ಷ ಗಮನಿಸಿತು. ಇಲ್ಲಿ ಯಾವ ಸ್ಕ್ಯಾನೂ ಇರಲಿಲ್ಲ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷೆ ಮಾಡಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ 50 ವರ್ಷ ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇಕಡಾ 30ರಷ್ಟು ಕಡಿಮೆ. ಕಿರಿಯರಲ್ಲಿ ಲಾಭ ಕಾಣಲಿಲ್ಲ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ಬಾಯಿಯನ್ನು ಬೆಳಕಿನಲ್ಲಿ ಕಣ್ಣಿನಿಂದ ಪರೀಕ್ಷಿಸಿದ ಪ್ರಯೋಗ, ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವನ್ನು ಶೇಕಡಾ 34ರಷ್ಟು ತಗ್ಗಿಸಿತೆಂದು 2005ರಲ್ಲಿ ವರದಿಯಾಯಿತು. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ ಬಾಯಿ, ಗರ್ಭಕಂಠ ಮತ್ತು ಸ್ತನದ ಕ್ಯಾನ್ಸರುಗಳು ಕಣ್ಣಿಗೂ ಕೈಗೂ ಎಟಕುವ ಜಾಗದಲ್ಲೇ ಇವೆ. 2016ರ ರಾಷ್ಟ್ರೀಯ ಮಾರ್ಗಸೂಚಿ 30 ದಾಟಿದವರಿಗೆ ಸೂಚಿಸಿದ್ದೂ ಇಂಥ ಸರಳ ಪರೀಕ್ಷೆಗಳನ್ನೇ. ಇಡೀ ದೇಹದ ಸ್ಕ್ಯಾನ್ ಅದರಲ್ಲಿ ಇಲ್ಲ.

ನೋಡುವ ಕಣ್ಣು

ಬಿಂಬವನ್ನು ಓದುವವರ ಮಿತಿಯೂ ಇದೆ. 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಶ್ವಾಸಕೋಶದ ಸಿ.ಟಿ. ಚಿತ್ರದೊಳಗೆ ಗೊರಿಲ್ಲದ ಚಿತ್ರವನ್ನು ಸೇರಿಸಿ, ಸಣ್ಣ ಗಂಟುಗಳನ್ನು ಹುಡುಕಲು 24 ಮಂದಿ ವಿಕಿರಣ ತಜ್ಞರಿಗೆ ಹೇಳಿದರು. ಗೊರಿಲ್ಲದ ಗಾತ್ರ ಸರಾಸರಿ ಗಂಟಿನ 48 ಪಟ್ಟು. 20 ಮಂದಿಗೆ ಅದು ಕಾಣಲೇ ಇಲ್ಲ! ಇದು ತಜ್ಞರ ಅಸಡ್ಡೆಯಲ್ಲ. ಹುಡುಕುತ್ತಿರುವುದನ್ನು ಮಾತ್ರ ಕಾಣುವುದು ಮಾನವ ಗಮನದ ಸ್ವಭಾವ. ಆದ್ದರಿಂದಲೇ ರೋಗಿಯ ಲಕ್ಷಣಗಳೇನು, ಹಿಂದಿನ ಬಿಂಬಗಳೆಲ್ಲಿ ಎಂದು ಒಳ್ಳೆಯ ತಜ್ಞರು ಮೊದಲು ಕೇಳುತ್ತಾರೆ.

ಇದಕ್ಕೆ ಕೃತಕ ಬುದ್ಧಿಮತ್ತೆ ಪರಿಹಾರವೇ? ಸ್ವೀಡನ್ನಿನಲ್ಲಿ 80,033 ಮಹಿಳೆಯರ ಮೇಲೆ ನಡೆದ ಪ್ರಯೋಗದ 2023ರ ವರದಿಯಂತೆ ಗಣಕದ ನೆರವಿನಿಂದ ಓದಿದ ಗುಂಪಿನಲ್ಲಿ 244 ಕ್ಯಾನ್ಸರುಗಳು ಸಿಕ್ಕವು, ಇಬ್ಬರು ತಜ್ಞರು ಓದಿದ ಗುಂಪಿನಲ್ಲಿ 203. ತಜ್ಞರು ಬಿಂಬ ಓದುವ ಕೆಲಸವೂ ಶೇಕಡಾ 44ರಷ್ಟು ಇಳಿಯಿತು. ತಜ್ಞರ ಕೊರತೆ ಇರುವ ಕಡೆ ಇದು ಆಶಾದಾಯಕ. ಆದರೆ ಕೊರಿಯಾದ ಪಾಠವನ್ನು ಮರೆಯಬೇಡಿ. ಹೆಚ್ಚು ಕ್ಯಾನ್ಸರ್ ಸಿಗುವುದೂ ಹೆಚ್ಚು ಪ್ರಾಣ ಉಳಿಯುವುದೂ ಒಂದೇ ಅಲ್ಲ.

ನೀವು ಕೇಳಬೇಕಾದ ಪ್ರಶ್ನೆಗಳು

ಇಷ್ಟೆಲ್ಲ ಓದಿ ಸ್ಕ್ಯಾನ್ ವ್ಯರ್ಥ ಎಂದು ತೀರ್ಮಾನಿಸಿದರೆ ಅದು ಇನ್ನೂ ದೊಡ್ಡ ತಪ್ಪು. ನಮ್ಮಲ್ಲಿ ಬಹಳಷ್ಟು ರೋಗಿಗಳು ಕಾಯಿಲೆ ಮುಂದುವರಿದ ಮೇಲೆಯೇ ಆಸ್ಪತ್ರೆಗೆ ಬರುತ್ತಾರೆ. ಸ್ತನದಲ್ಲಿ ಗಂಟು, ಬಾಯಿಯಲ್ಲಿ ವಾಸಿಯಾಗದ ಹುಣ್ಣು, ಅಕಾಲದ ರಕ್ತಸ್ರಾವ, ಕಾರಣ ತಿಳಿಯದ ತೂಕ ಇಳಿತ ಇವುಗಳನ್ನು ಕಂಡವರು ತಡಮಾಡದೆ ವೈದ್ಯರ ಬಳಿ ಹೋಗಬೇಕು. ಅವರು ಹೇಳಿದ ಸ್ಕ್ಯಾನನ್ನು ಹೆದರದೆ ಮಾಡಿಸಿಕೊಳ್ಳಬೇಕು. ವಿಮರ್ಶೆ ಬೇಕಾದದ್ದು ಆರೋಗ್ಯವಂತರ ಮುಂದೆ ಹರಡುವ ಭರವಸೆಗಳಿಗೆ.

ಅಂಥ ಭರವಸೆ ಎದುರಾದಾಗ ನಾಲ್ಕು ಪ್ರಶ್ನೆ ಕೇಳಿ. ಈ ಯಂತ್ರ ಅಳೆಯುವ ಭೌತರಾಶಿ ಯಾವುದು, ಕ್ಯಾನ್ಸರ್ ಬಿಟ್ಟು ಬೇರಾವುದು ಅದನ್ನು ಬದಲಿಸಬಲ್ಲದು? ನನ್ನಂಥ ಸಾವಿರ ಮಂದಿಯಲ್ಲಿ ಎಷ್ಟು ಮಂದಿಗೆ ಈ ರೋಗವಿದೆ, ಎಷ್ಟು ಮಂದಿಗೆ ಹುಸಿ ಎಚ್ಚರಿಕೆ ಬರುತ್ತದೆ? ಇದರಿಂದ ಸಾವು ಇಳಿದಿದೆಯೇ, ಪತ್ತೆ ಮಾತ್ರ ಹೆಚ್ಚಿದೆಯೇ? ಶಂಕೆ ಎಂದು ಬಂದರೆ ಮುಂದಿನ ಹೆಜ್ಜೆ ಏನು?

ಅಧ್ಯಾಪಕರಲ್ಲಿ ಒಂದು ಮಾತು. ಕ್ಷ-ಕಿರಣದ ಪಾಠದಲ್ಲಿ ನಾಲ್ಕು ಚೌಕಗಳ ಲೆಕ್ಕವನ್ನೂ, ಸಂಭವನೀಯತೆಯ ಪಾಠದಲ್ಲಿ 10,000 ಮಹಿಳೆಯರ ಲೆಕ್ಕವನ್ನೂ ಮಾಡಿಸಿ. ಎರಡಕ್ಕೂ ಸೀಮೆಸುಣ್ಣ, ಹಲಗೆ ಸಾಕು. ಈ ಲೆಕ್ಕ ಮಾಡಿದ ವಿದ್ಯಾರ್ಥಿ ನಾಳೆ ತನ್ನ ಮನೆಯವರ ಕೈಯಲ್ಲಿ 'ಶಂಕೆ ಇದೆ' ಎಂಬ ವರದಿ ಇರುವಾಗ, ಹೆದರಿ ಕೂರುವುದಕ್ಕೂ ಅಲಕ್ಷಿಸುವುದಕ್ಕೂ ಬದಲು, ಮುಂದೆ ಯಾವ ಪರೀಕ್ಷೆ ಬೇಕು ಎಂದು ವೈದ್ಯರನ್ನು ಕೇಳಬಲ್ಲ.